ಕಂಡಕ್ಟರ್ ಲತಾಮಣಿ ಮತ್ತು ಕೋದಂಡದ ಮಠ

ಲತಾಮಣಿಯ ಗಂಟಲಿಗೆ ನಿವೃತ್ತಿ ಆಗಲಿಲ್ಲ. ಮಿಕ್ಕದ್ದಕ್ಕೆಲ್ಲ ಆಯಿತು. ಮಂಡಿಗೆ ಆಯಿತು, ಖಾಕಿ ಅಂಗಿಗೆ ಆಯಿತು, ಚೀಲದ ಭಾರಕ್ಕೆ ವಾಲಿಹೋಗಿದ್ದ ಎಡ ಭುಜಕ್ಕೆ ಆಯಿತು. ರಸ್ತೆಯ ಆಚೆ ದಡದಲ್ಲಿ ನಿಂತವರನ್ನೂ ಬಸ್ಸು ಹತ್ತಿಸುತ್ತಿದ್ದ ಆ ಗಂಟಲು ಮಾತ್ರ ತ್ಯಾಗರಾಜನಗರದ ಬಾಡಿಗೆ ಮನೆಯಲ್ಲಿ ಕೆಲಸವಿಲ್ಲದೆ ಒದ್ದಾಡಿತು. ಹಾಲಿನವನ ಮೇಲೆ ಕೂಗಿತು. ಟೀವಿಯಲ್ಲಿ ಸುದ್ದಿ ಓದುವವರ ಮೇಲೆ ಕೂಗಿತು. ಕಡೆಗೆ ಅವಳ ಗಂಡ ಚಿದಾನಂದ್ ಕೈಮುಗಿದ. "ತಾಯೀ, ಎಲ್ಲಾದ್ರೂ ಹೋಗಿ ಜನರನ್ನ ಹತ್ಸು, ಇಳ್ಸು. ನನ್ನ ಬಿಟ್ಬಿಡು."

ಹಾಗೆ ಅವಳು ಹಳೇಗೋಡೆ ಬಳಗಕ್ಕೆ ಬಂದಳು.

ಬಳಗ ಎಂದರೆ ಏನೋ ದೊಡ್ಡ ಸಂಸ್ಥೆ ಎಂದುಕೊಳ್ಳಬೇಡಿ. ಜೆ.ಪಿ. ನಗರದ ಒಂದು ಪೇಂಟ್ ಅಂಗಡಿಯ ಅಟ್ಟವೇ ಅದರ ಕಚೇರಿ, ಅಂಗಡಿಯ ಮಾಲೀಕ ಗೌರೀಶಂಕರನೇ ಅದರ ಅಧ್ಯಕ್ಷ. ವಾರವೆಲ್ಲ ಪ್ಲಾಸ್ಟಿಕ್ ಪೇಂಟು ಮಾರಿ, ಭಾನುವಾರ ಮಾತ್ರ 'ಹಳೇ ಗೋಡೆಗೆ ಪ್ಲಾಸ್ಟಿಕ್ ಪೇಂಟು ಬಳಿದರೆ ಗೋಡೆ ಉಸಿರುಕಟ್ಟಿ ಸಾಯುತ್ತೆ' ಎಂದು ಭಾಷಣ ಬಿಗಿಯುವ ಮನುಷ್ಯ. ಯಾರಾದರೂ ಇದನ್ನು ಎತ್ತಿ ಆಡಿದರೆ, "ಆ ಪಾಪಕ್ಕೇ ಸ್ವಾಮಿ ಈ ಪ್ರಾಯಶ್ಚಿತ್ತ" ಎಂದು ನಗುತ್ತಿದ್ದ. ಕಾಲೇಜಿನಲ್ಲಿ ಆರ್ಕಿಟೆಕ್ಚರ್ ಕಲಿಸುವ ಮೇಘಶ್ರೀ ಅಳತೆ, ನಕ್ಷೆ ನೋಡಿಕೊಳ್ಳುತ್ತಿದ್ದಳು. ಲೇಔಟುಗಳ ಹೊಟ್ಟೆಗೆ ಹೋದ ಹಳ್ಳಿಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿರುವ ಚಾವಡಿ, ಭಜನೆ ಮನೆ, ಕಲ್ಲುಮಂಟಪ ಹುಡುಕುವುದು, ಊರವರನ್ನು ಒಪ್ಪಿಸಿ ಸೋರುವ ಮಾಡು ಸರಿ ಮಾಡಿಸುವುದು, ಭಾನುವಾರ ಬೆಳಿಗ್ಗೆ ಜನರನ್ನು ಕರೆದೊಯ್ದು ತೋರಿಸುವುದು, ಇದು ಬಳಗದ ಕೆಲಸ. ತೋರಿಸುವ ಕೆಲಸ ಲತಾಮಣಿಯ ಪಾಲಿಗೆ ಬಂತು. ಬಂದ ಮೇಲೆ ಅದು ಬೇರೆಯವರ ಪಾಲಿಗೆ ಹೋಗಲಿಲ್ಲ.

"ಒಳಗೆ ಬನ್ನಿ, ಒಳಗೆ ಖಾಲಿ ಇದೆ! ಮೇಡಂ, ಮೊಬೈಲ್ ಆಮೇಲೆ, ಮುಂದೆ ನಡೀರಿ! ಅಂಕಲ್, ಕಂಬಕ್ಕೆ ಒರಗ್ಬೇಡಿ, ಅದು ನಿಮಗಿಂತ ಹಳೇದು!" ನಿಲ್ಲಿಸಬೇಕಾದರೆ "ಹೋಲ್ಡಾನ್!" ಹೊರಡಬೇಕಾದರೆ "ರೈಟ್!" ಗೌರೀಶಂಕರ ಸುಣ್ಣದ ಗಾರೆಯ ಬಗ್ಗೆ ಮಾತಾಡಿದರೆ ಆಕಳಿಸುತ್ತಿದ್ದ ಜನ ಅವಳ ಹಿಂದೆ ಮಂತ್ರ ಹಾಕಿದ ಹಾಗೆ ನಡೆಯುತ್ತಿದ್ದರು. ದಾರಿಯಲ್ಲಿ ಮುದುಕರು ಸಿಕ್ಕಿದರೆ ಅವಳ ಪ್ರಶ್ನೆ ಒಂದೇ: "ಈ ಊರಲ್ಲಿ ನೀವು ಎಲ್ಲಿ ಹತ್ತಿದ್ರಿ ತಾತ?" ಅಷ್ಟು ಕೇಳಿದರೆ ಸಾಕು, ಅವರ ಹುಟ್ಟು, ಜಗಳ, ಹೊಲ ಕಳೆದದ್ದು, ಹಲ್ಲು ಬಿದ್ದದ್ದು, ಎಲ್ಲ ಹೊರಗೆ ಬೀಳುತ್ತಿತ್ತು.

ಎಲ್ಲ ಊರುಗಳಿಗಿಂತ ಅವಳ ಜೀವ ಇದ್ದದ್ದು ಹೊಂಗೇನಹಳ್ಳಿಯ ಮೇಲೆ. ಜೆ.ಪಿ. ನಗರದ ಕೊನೆಯ ಬಡಾವಣೆಗಳಿಗೂ ವಸಂತಪುರಕ್ಕೂ ನಡುವೆ ಸಿಕ್ಕಿಕೊಂಡ ಊರು. ಒಂದು ಆಂಜನೇಯನ ಗುಡಿ, ಒಂದು ಅರಳೀಕಟ್ಟೆ, ರಾಗಿ ಬೆಳೆದ ನೆಲದಲ್ಲಿ ಈಗ ಬಾಡಿಗೆ ಬೆಳೆಯುವ ಮನೆಗಳು. ಹೆಂಗಸು ಟಿಕೆಟ್ ಹರಿದರೆ ಗಂಡಸರು ಎದ್ದು ನಿಂತು ನೋಡುತ್ತಿದ್ದ ಕಾಲದಲ್ಲಿ ಅವಳ ಬಸ್ಸು ಹೋಗಿ ತಿರುಗುತ್ತಿದ್ದ ಕೊನೇ ಸ್ಟಾಪು ಅದೇ. ಸ್ಟಾಪಿನ ಪಕ್ಕದಲ್ಲೇ ಮಠ. ನಾಡಹೆಂಚಿನ ಮಾಡು, ಮರದ ಕಂಬ, ಉದ್ದಕ್ಕೆ ಕಲ್ಲುಚಪ್ಪಡಿಯ ಜಗಲಿ. ಆ ಜಗಲಿಯ ಮೇಲೆ ಕೂತು ಅವಳು ಎಷ್ಟು ಡಬ್ಬಿ ಚಿತ್ರಾನ್ನ ಉಂಡಳೋ.

ಉಣ್ಣುವುದಕ್ಕೆ ಜಗಲಿ ಸಿಕ್ಕಿತು. ಇನ್ನೊಂದಕ್ಕೆ? ಡ್ರೈವರ್ ಗಂಡಸು, ಹೊಂಗೆ ಮರದ ಹಿಂದೆ ಹೋಗಿ ಬಂದುಬಿಡುತ್ತಿದ್ದ. ಲತಾಮಣಿ ಬೆಳಿಗ್ಗೆಯಿಂದ ನೀರು ಮುಟ್ಟದೆ, ಒಣಗಿದ ಗಂಟಲಲ್ಲೇ ಕೂಗುತ್ತಿದ್ದಳು. ಒಂದು ದಿನ ಮುಖ ಕಿವುಚಿಕೊಂಡು ಜಗಲಿಯ ಮೇಲೆ ಕೂತಿದ್ದವಳನ್ನು ಎದುರು ಮನೆಯ ಸೊಣ್ಣಮ್ಮ ನೋಡಿದಳು. ಏನೂ ಕೇಳಲಿಲ್ಲ. ಹಿತ್ತಲ ಬಾಗಿಲು ತೆಗೆದು, ಚೊಂಬು ತುಂಬಿ ಹೊಸಲಿನ ಮೇಲಿಟ್ಟು, "ಹೋಗ್ಬಾರವ್ವ. ಇದಕ್ಕೆಲ್ಲ ಯಾವಳಾದ್ರೂ ನಾಚ್ಕೊಂತಾಳಾ?" ಎಂದಳು. ಅಂದಿನಿಂದ ಬಸ್ಸು ಬರುವ ಹೊತ್ತಿಗೆ ಚೊಂಬು ತುಂಬಿ ಅಲ್ಲೇ ಇರುತ್ತಿತ್ತು.

ಆ ಚೊಂಬನ್ನೇ ಲತಾಮಣಿ ಮುಂದೆ ಡಿಪೋ ಗೇಟಿಗೆ ಒಯ್ದಳು. ಹೆಂಗಸು ಕಂಡಕ್ಟರುಗಳನ್ನು ಕೂಡಿಸಿ, ಒಬ್ಬೊಬ್ಬಳ ಮುಂದೆ ಒಂದೊಂದು ಖಾಲಿ ಚೊಂಬು ಇಟ್ಟುಕೊಂಡು ಧರಣಿ ಕೂತಳು. ಘೋಷಣೆ ಇಲ್ಲ, ಬ್ಯಾನರ್ ಇಲ್ಲ. "ಏನಮ್ಮ ನಿಮ್ಮ ಬೇಡಿಕೆ?" ಎಂದ ಸಾಹೇಬರಿಗೆ ಚೊಂಬು ತಲೆಕೆಳಗು ಮಾಡಿ ತೋರಿಸಿದಳು. ಸಾಹೇಬರು ಕೆಂಪಗಾದರು. ದೊಡ್ಡ ನಿಲ್ದಾಣಗಳಿಗೆ ಹೆಂಗಸರ ಶೌಚಾಲಯ ಬಂತು. ಹೊಂಗೇನಹಳ್ಳಿಯಂಥ ಕೊನೇ ಸ್ಟಾಪಿಗೆ ಬರಲಿಲ್ಲ. ಇವತ್ತಿಗೂ ಅಲ್ಲಿಗೆ ಡ್ಯೂಟಿ ಬಿದ್ದ ಹುಡುಗಿಯರಿಗೆ ಸೊಣ್ಣಮ್ಮನ ಹಿತ್ತಲೇ ಗತಿ.

ಈಗ ಮಠದ ವಿಷಯ. ಊರವರ ಬಾಯಲ್ಲಿ ಅದು ಕೋದಂಡದ ಮಠ. ಕೋದಂಡ ಎಂದರೆ ರಾಮನ ಬಿಲ್ಲು, ಎಲ್ಲರಿಗೂ ಗೊತ್ತಿರುವ ಮಾತು. ನಡುಮನೆಯ ತೊಲೆಗೆ ಬಡಿದ ಒಂದು ದಪ್ಪ ಕಬ್ಬಿಣದ ಬಳೆ ಇತ್ತು. ವನವಾಸದ ದಾರಿಯಲ್ಲಿ ರಾಮ ಇಲ್ಲಿ ದಣಿವಾರಿಸಿಕೊಂಡು, ಬಿಲ್ಲನ್ನು ಆ ಬಳೆಗೆ ನೇತುಹಾಕಿದ ಎಂದು ಯಾರೋ ಹೇಳಿದರು. ರಾಮನ ಕಾಲಕ್ಕೆ ನಾಡಹೆಂಚು ಯಾರು ಹೊದಿಸಿದ್ದರು ಎಂದು ಯಾರೂ ಕೇಳಲಿಲ್ಲ. ಕಟ್ಟಡ ಸ್ವಲ್ಪ ದಿನ ರೇಷನ್ ಅಂಗಡಿಯಾಗಿತ್ತು, ಸ್ವಲ್ಪ ದಿನ ಗೊಬ್ಬರದ ಗೋಡೌನಾಗಿತ್ತು, ಆಮೇಲೆ ಬೀಗ ಬಿತ್ತು. ಬೀಗ ತೆಗೆದವರು ಬಳೆಗೆ ಹಗ್ಗ ಕಟ್ಟಿ ಗಂಟೆ ತೂಗಿಸಿದರು. ಗಂಟೆ ಬಂದ ಮೇಲೆ ರಾಮನ ಪಟ ಬಂತು. ಪಟದ ಹಿಂದೆ ಪಾನಕ, ಕೋಸಂಬರಿ ಬಂತು. ಲತಾಮಣಿಯೂ ಭಾನುವಾರದ ಜನಕ್ಕೆ ಇದೇ ಕತೆಯನ್ನು ಒಗ್ಗರಣೆ ಹಾಕಿ ಬಡಿಸಿದಳು. "ಹೋಲ್ಡಾನ್! ಎಲ್ಲರೂ ತಲೆ ಎತ್ತಿ! ರಾಮ ಬಿಲ್ಲು ನೇತುಹಾಕಿದ ಬಳೆ ಇದೇ!" ಜನ ತಲೆ ಎತ್ತಿ ಫೋಟೋ ಹೊಡೆದುಕೊಂಡರು.

ಕತೆ ಚೆನ್ನಾಗಿಯೇ ಓಡಿತು. ಓಡಿ ಓಡಿ ಯಲ್ಲಯ್ಯನ ಕಿವಿಗೆ ಬಿತ್ತು.

ಯಲ್ಲಯ್ಯ ಊರಿನ ದೇವಸ್ಥಾನ ಕಮಿಟಿಯ ಅಧ್ಯಕ್ಷ, ಸಿಮೆಂಟು ಕಂಬಿ ಅಂಗಡಿಯ ಧಣಿ. ಕೆಟ್ಟವನಲ್ಲ. ಆದರೆ ಏನಾದರೊಂದು ಕಟ್ಟದಿದ್ದರೆ ಉಂಡ ಮುದ್ದೆ ಕರಗದ ಜಾತಿಯ ಮನುಷ್ಯ. "ಎಲ್ಲೆಲ್ಲಿಂದಲೋ ಜನ ಬಂದು ರಾಮನ ಬಳೆ ನೋಡ್ಕೊಂಡು ಹೋಗ್ತಾರೆ, ನಾವು ರಾಮನ್ನ ಗೊಬ್ಬರದ ಗೋಡೌನಲ್ಲಿ ಇಟ್ಟಿದೀವಿ. ನಾಚ್ಕೆ ಆಗ್ಬೇಕು ನಮಗೆ," ಎಂದ. "ಇದನ್ನ ಕೆಡವಿ ಮೂರಂತಸ್ತು ಎತ್ತೋಣ. ಕೆಳಗೆ ಛತ್ರ, ಮೇಲೆ ರಾಮ." ಭಾನುವಾರ ಊರು ಸೇರಿ ತೀರ್ಮಾನ ಮಾಡುವುದು ಎಂದಾಯಿತು.

ಗೌರೀಶಂಕರ ಓಡಿಹೋಗಿ ಗಾರೆಯ ಮಹಿಮೆ ಹೇಳಿದ. ಮೇಘಶ್ರೀ ನಕ್ಷೆ ಹರಡಿ, ಮರದ ಕಂಬದ ಕೆತ್ತನೆ ತೋರಿಸಿದಳು. ಯಲ್ಲಯ್ಯ ಎಲ್ಲವನ್ನೂ ಮರ್ಯಾದೆಯಿಂದ ಕೇಳಿ, ಕಾಫಿ ಕುಡಿಸಿ, ಒಂದೇ ಮಾತು ಕೇಳಿದ: "ದೇವರಿಗೆ ದೊಡ್ಡ ಮನೆ ಬೇಡ ಅಂತೀರಾ?"

ಅಟ್ಟಕ್ಕೆ ವಾಪಸು ಬಂದು ಮೂವರೂ ಪೇಂಟ್ ಡಬ್ಬದ ಮೇಲೆ ಕೂತರು. ಲತಾಮಣಿ ಡಬ್ಬದ ಮುಚ್ಚಳಕ್ಕೆ ಗುದ್ದಿದಳು. ತಾನು ಒಗ್ಗರಣೆ ಹಾಕಿದ ಕತೆಯೇ ಹಾರೆಯಾಗಿ ತನ್ನ ಜಗಲಿಯ ಮೇಲೆ ಬೀಳುತ್ತಿದೆ! ಅತ್ತುಕೊಂಡು ಕೂರುವ ಹೆಂಗಸಲ್ಲ ಅವಳು. ಊರಿಗೆಲ್ಲ ಹಿರಿಯನಾದ ಸೊಣ್ಣಮ್ಮನ ಗಂಡ ಬೋರಣ್ಣ ಒಂದು ಮಾತು ಹೇಳಿದರೆ ಯಲ್ಲಯ್ಯ ತಗ್ಗಬಹುದು ಎಂದು ಮರುದಿನವೇ ಹೊಂಗೇನಹಳ್ಳಿಯ ಬಸ್ಸು ಹತ್ತಿದಳು.

ಸೊಣ್ಣಮ್ಮ ನಡುಮನೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಲತಾಮಣಿಯೂ ಒಂದು ಹಿಡಿ ಎಳೆದುಕೊಂಡು ಕೂತಳು. ಬೋರಣ್ಣ ಬಾಗಿಲಿಗೆ ಬೆನ್ನು ಹಾಕಿ ಕುರ್ಚಿಯಲ್ಲಿದ್ದ. ಎದುರಿಗಿರುವ ಮಠ ಕಾಣಬಾರದೆಂದು ಅವನು ಯಾವಾಗಲೂ ಹಾಗೇ ಕೂರುವುದು.

"ಬೋರಣ್ಣ, ಭಾನುವಾರ ಮಠಕ್ಕೆ ಬಂದು ಒಂದು ಮಾತು ಹೇಳಿ. ಕೆಡವಬೇಡ್ರಪ್ಪ ಅಂತ."

"ಕೆಡವ್ಲಿ ಬುಡು."

"ಅಲ್ಲ ಅಣ್ಣ..."

"ಬೇಕಾದ್ರೆ ಹಾರೆ ನಾನೇ ಕೊಡ್ತೀನಿ ಅನ್ನು."

ಸೊಣ್ಣಮ್ಮ ಕೈ ಬೀಸಿದಳು. "ಇದು ಇವತ್ತಿನ ವರಸೆ ಅಲ್ಲ ಕಣೆ ಲತಾ. ನಾನು ಮದುವೆಯಾಗಿ ಬಂದಾಗಿಂದ ನೋಡ್ತಿವ್ನಿ. ಈವಯ್ಯ ಗುಡಿಗೆ ಹೋಯ್ತದೆ, ಸೇಂದಿ ಅಂಗಡಿಗೂ ಹೋಯ್ತಿತ್ತು. ಆ ಮಠದ ಹೊಸಲು ಮಾತ್ರ ತುಳಿಯಕ್ಕಿಲ್ಲ. ರಾಮನ ಮೇಲೆ ಏನು ಹಗೆಯೋ."

"ರಾಮನ ಮೇಲೆ ನಂಗ್ಯಾಕಮ್ಮಿ ಹಗೆ? ರಾಮ ಅಲ್ಲಿ ಯಾವತ್ತು ಇದ್ದ?"

"ಬಳೆ ಇದೆಯಲ್ಲಣ್ಣ," ಲತಾಮಣಿ ಎಂದಳು, "ಬಿಲ್ಲು ನೇತುಹಾಕಿದ ಬಳೆ."

"ಬಿಲ್ಲೂ ಇಲ್ಲ, ಬಾಣಾನೂ ಇಲ್ಲ. ಅಲ್ಲಿ ನೇತಾಡಿದ್ದು ನಾನು!"

ಸೊಣ್ಣಮ್ಮನ ಬೆರಳಿಂದ ಅವರೆಬೇಳೆ ಚಿಮ್ಮಿ ಗೋಡೆಗೆ ಹೊಡೆಯಿತು. "ಅಯ್ಯೋ ಶಿವನೆ! ನೇಣು ಹಾಕ್ಕೊಂಡಿದ್ದಾ?"

"ಥೂ ನಿನ್ನ! ನೇಣು ಹಾಕ್ಕೊಂಡಿದ್ರೆ ನಿನ್ನ ಹೆಂಗೆ ಕಟ್ಕೊತಿದ್ದೆ? ಅದು ಸ್ವಾಮಿಗಳ ಮಠ ಅಲ್ಲ ಕಣ್ರೇ. ಕೂಲಿ ಮಠ. ಇಸ್ಕೂಲು."

ಆಮೇಲೆ ಒಂದೊಂದಾಗಿ ಹೊರಗೆ ಬಂತು. ಸರ್ಕಾರಿ ಶಾಲೆ ಬರುವ ಮುಂಚೆ ಊರಿನ ಹುಡುಗರಿಗೆ ಒಬ್ಬ ಐನೋರು ಅಲ್ಲಿ ಅಕ್ಷರ ಕಲಿಸುತ್ತಿದ್ದರು. ಕೂಲಿಯಾಗಿ ರಾಗಿ, ಕುಂಬಳಕಾಯಿ ತೆಗೆದುಕೊಳ್ಳುತ್ತಿದ್ದರು; ಅದಕ್ಕೇ ಕೂಲಿ ಮಠ. ಹುಡುಗರು ನೆಲಕ್ಕೆ ಮರಳು ಹರಡಿಕೊಂಡು ಬೆರಳಲ್ಲಿ ತಿದ್ದುವುದು. ಮಗ್ಗಿ ತಪ್ಪಿದವನ ಎರಡು ಕೈಗೂ ಹಗ್ಗ ಕಟ್ಟಿ, ಹಗ್ಗವನ್ನು ತೊಲೆಯ ಬಳೆಗೆ ಏರಿಸಿ ಜಗ್ಗಿದರೆ ಕಾಲು ನೆಲ ಬಿಡುತ್ತಿತ್ತು. ಆ ಶಿಕ್ಷೆಯ ಹೆಸರೇ ಕೋದಂಡ. ಏರಿಸಿದ ಐನೋರು ಹೋದರು, ಏರಿದ ಹುಡುಗರೂ ಹೆಚ್ಚುಕಮ್ಮಿ ಎಲ್ಲ ಹೋದರು. ಮಾತೊಂದು ಒಂಟಿಯಾಗಿ ಉಳಿಯಿತು. ಒಂಟಿ ಮಾತಿಗೆ ಊರು ರಾಮನನ್ನು ಜೊತೆ ಮಾಡಿತು.

ಲತಾಮಣಿ ತೊಡೆ ತಟ್ಟಿಕೊಂಡು ನಕ್ಕಳು. ಸಿಕ್ಕಿತಲ್ಲ! "ಇದನ್ನೇ ಬಂದು ಹೇಳಿ ಅಣ್ಣ. ಇಷ್ಟೇ ಸಾಕು."

"ಹೇಳಕ್ಕಾಗಕ್ಕಿಲ್ಲ."

"ಯಾಕೆ?"

ಮುದುಕ ಕುರ್ಚಿಯ ಕೈಯನ್ನು ಉಗುರಲ್ಲಿ ಕೆರೆದ. ಹೆಂಡತಿಯ ಕಡೆ ನೋಡದೆ ಹೇಳಿದ. "ಮಗ್ಗಿ ಮುಗಿಯೋಗಂಟ ಐನೋರು ಎದ್ದೋಗಕ್ಕೆ ಬಿಡ್ತಿರ್ಲಿಲ್ಲ. ನಂಗೆ ಅವಸರ ಆಗಿತ್ತು. ಕೇಳ್ದೆ ಎದ್ದು ಓಡ್ದೆ. ಹಿಡ್ಕೊಂಬಂದು ಏರಿಸಿದ್ರು. ಮೇಲಿಂದ್ಲೇ ಬಿಟ್ಬುಟ್ಟೆ. ಕೆಳಗೆ ಎಲ್ಲಾರೂ ಬರ್ದಿದ್ದ ಅಕ್ಷರ ಕೊಚ್ಕೊಂಡು ಹೋಯ್ತು. ಆವತ್ತಿಂದ ಉಚ್ಚೆ ಬೋರ ಅಂತ ಹೆಸರು. ಇಟ್ಟೋನು ಯಾರು ಗೊತ್ತಾ? ಈ ಯಲ್ಲಯ್ಯನ ಅಪ್ಪ. ಹಂಗೆ ಕರೆಯೋರೆಲ್ಲ ಮಣ್ಣಿಗೆ ಹೋದ್ರು. ನಾನೇ ಹೋಗಿ ಆ ಹೆಸರನ್ನ ಎಬ್ಬಿಸ್ಲಾ?"

ಈ ಸಲ ಲತಾಮಣಿ ನಗಲಿಲ್ಲ. ಬಸ್ಸಿನ ಕಂಬ ಹಿಡಿದು ಕಾಲು ಹೆಣೆದುಕೊಂಡು ನಿಂತ ದಿನಗಳನ್ನು ಅವಳ ಕಾಲು ಮರೆತಿರಲಿಲ್ಲ. "ಬೋರಣ್ಣ, ನಾನು ಉಚ್ಚೆ ಕಟ್ಕೊಂಡು ನಿಮ್ಮೂರಿಗೆ ಬಸ್ ತಂದೋಳು. ಅದಕ್ಕೇ ಅಂತ ಚೊಂಬು ಇಟ್ಕೊಂಡು ಬೀದೀಲಿ ಕೂತೋಳು. ಅವಸರ ಆದೋರದ್ದು ತಪ್ಪಲ್ಲ, ಬಿಡದೆ ಇದ್ದೋರದ್ದು ತಪ್ಪು. ನಾಚ್ಕೊಳ್ಳೋದಾದ್ರೆ ಅವರು ನಾಚ್ಕೊಳ್ಲಿ."

ಸೊಣ್ಣಮ್ಮ ಅಷ್ಟು ಹೊತ್ತಿನಿಂದ ತಡೆದಿದ್ದ ನಗು ಮೂಗಿನಲ್ಲಿ ಹೊರಬಂತು. "ಇಷ್ಟಕ್ಕಾ ಈವಯ್ಯ ಇಷ್ಟು ವರ್ಷ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದು? ಎಷ್ಟು ಜನದ್ದು ತೊಳೆದಿಲ್ಲ ನಾನು ಈ ಮನೇಲಿ!"

ಭಾನುವಾರ ಮಠ ಕಿಕ್ಕಿರಿಯಿತು. ಯಲ್ಲಯ್ಯ ಮೂರಂತಸ್ತಿನ ಬಣ್ಣದ ಚಿತ್ರವನ್ನು ಕಂಬಕ್ಕೆ ನೇತುಹಾಕಿದ್ದ. ಗೌರೀಶಂಕರ ಭಾಷಣದ ಚೀಟಿ ತೆಗೆದಾಗ ಲತಾಮಣಿ ಅವನ ತೋಳು ಜಗ್ಗಿದಳು. "ಸಾರ್, ಇವತ್ತು ಗಾರೆ ಬೇಡ." ತಾನೇ ಮುಂದೆ ಬಂದು, ಇದು ಕೂಲಿ ಮಠ, ಕೋದಂಡ ಅಂದರೆ ಹುಡುಗರಿಗೆ ಕೊಡುತ್ತಿದ್ದ ಶಿಕ್ಷೆ ಎಂದಳು. ಬೋರಣ್ಣನ ಹೆಸರು ಎತ್ತಲಿಲ್ಲ.

ಜನ ಗುಲ್ಲೆಬ್ಬಿಸಿದರು. "ಅಲ್ಲ ಆಂಟಿ, ರಾಮನ ಬಳೆ ಅಂತ ಊರಿಗೆಲ್ಲ ಸಾರಿದ್ದು ನೀವೇ ತಾನೆ?" ಯಾರೋ ಹಿಂದಿನಿಂದ ಕೂಗಿದರು.

"ನಾನೇ ಕಣಪ್ಪ. ತಪ್ಪು ಬಸ್ ಹತ್ತಿಸಿದ್ದೆ. ಅದಕ್ಕೇ ಇಳಿಸ್ತಿದೀನಿ!"

"ಕಟ್ಟಡ ಉಳಿಸ್ಕೊಳ್ಳಕ್ಕೆ ಈಗ ಹೊಸ ಕತೆ ಕಟ್ತಿದೀರಾ ಮೇಡಂ," ಎಂದ ಯಲ್ಲಯ್ಯ. "ಸಾಕ್ಷಿ ಎಲ್ಲಿ?"

ಗುಲ್ಲು ಒಮ್ಮೆಗೇ ತಗ್ಗಿತು. ರಸ್ತೆ ದಾಟಿ, ಪಂಚೆಯ ಚುಂಗು ಹಿಡಿದು, ಬೋರಣ್ಣ ಬರುತ್ತಿದ್ದ. ಹೊಸಲಿನ ಹತ್ತಿರ ನಿಂತ. ಹಿಂದೆ ಬರುತ್ತಿದ್ದ ಸೊಣ್ಣಮ್ಮ ಬೆನ್ನಿಗೆ ಒಂದು ತಿವಿದಳು. ಒಳಗೆ ಬಂದ. ಜನ ಜಾಗ ಬಿಟ್ಟರು. ನೇರ ಬಳೆಯ ಕೆಳಗೆ ನಿಂತು ಎರಡು ಕೈಯನ್ನೂ ಮೇಲೆತ್ತಿದ. ಬೆರಳು ಹಗ್ಗವನ್ನೂ ದಾಟಿ ಬಳೆಯ ಹತ್ತಿರಕ್ಕೆ ಹೋಯಿತು.

"ಇಷ್ಟೇನಾ ಎತ್ತರ?" ಎಂದ, ಯಾರಿಗೂ ಅಲ್ಲ. "ನಾನು ಆಕಾಶದಷ್ಟು ಅಂದ್ಕೊಂಡಿದ್ದೆ."

ಆಮೇಲೆ ಇಡೀ ಊರಿನ ಮುಂದೆ ಹೇಳಿದ. ಅವಸರ ಆದದ್ದು, ಓಡಿದ್ದು, ಏರಿದ್ದು, ಬಿಟ್ಟದ್ದು. ಉಚ್ಚೆ ಬೋರ ಎಂಬ ಹೆಸರನ್ನೂ ಬಿಡಲಿಲ್ಲ. "ಸಾಕ್ಷಿ ಬೇಕಾ ಯಲ್ಲಯ್ಯ? ಹೆಸರಿಟ್ಟೋನು ನಿಮ್ಮಪ್ಪ. ಅವನೇನು ಸಾಚಾ ಅಲ್ಲ, ವಾರಕ್ಕೆರಡು ಸಲ ಅವನೂ ನೇತಾಡ್ತಿದ್ದ."

ಯಲ್ಲಯ್ಯ ಬಳೆಯ ಕಡೆ ತಲೆ ಎತ್ತಿದ. ಮುಖದ ಮೇಲೆ ಏನೋ ಹತ್ತಿ ಇಳಿಯಿತು. "ತಡೀರಿ ತಡೀರಿ," ಎಂದ. "ನಮ್ಮಪ್ಪ ನಂಗೆ ಬೈತಿದ್ದಿದ್ದೇ ಹಂಗಲ್ವಾ! ಓದಲ್ಲ ಅಂದ್ರೆ ಕೋದಂಡ ಏರಿಸ್ಬಿಡ್ತೀನಿ ಮಗನೆ ಅನ್ನೋರು. ನಾನು ರಾಮ ಬಂದು ಬಾಣ ಬಿಡ್ತಾನೆ ಅಂತ ಪರೀಕ್ಷೆ ಟೈಮಲ್ಲಿ ಮಂಚದ ಕೆಳಗೆ ಮಲಗ್ತಿದ್ದೆ!"

ಮಠದ ಹೆಂಚು ಹಾರುವಂತೆ ಜನ ನಕ್ಕರು. ಮೂಲೆಯಲ್ಲಿ ಕೂತಿದ್ದ ಊರಿನ ಅಜ್ಜಿಯೊಬ್ಬಳು, ತನ್ನ ಗಂಡನ ಮಣಿಕಟ್ಟಿನಲ್ಲಿ ಹಗ್ಗದ ಗುರುತು ಇತ್ತೆಂದೂ, ಅದನ್ನವನು ಎತ್ತು ಕಟ್ಟುವಾಗ ಆದ ಗಾಯವೆಂದು ಸಾಯುವವರೆಗೂ ಸುಳ್ಳು ಹೇಳಿದನೆಂದೂ ಕೂಗಿ ಹೇಳಿದಳು. ಇನ್ನೊಂದು ಸಲ ನಗು. ನಗುವವರ ನಡುವೆ ಬೋರಣ್ಣನೂ ಬೊಚ್ಚುಬಾಯಿ ತೆರೆದಿದ್ದ. ಆ ಹೆಸರು ಎದ್ದು ಬಂದಿತ್ತು, ಆದರೆ ಕಚ್ಚಲಿಲ್ಲ.

"ಇರ್ಲಿ ಬುಡ್ರೋ ಇದು," ಎಂದ. "ಅಕ್ಷರ ಕಲಿಯೋಕೆ ಏನೇನು ಪಡ್ತಿದ್ವಿ ಅಂತ ನಿಮ್ಮ ಮಕ್ಳು ನೋಡ್ಲಿ."

"ಅದು ಸರಿ. ರಾಮನ ಪಟ ಏನು ಮಾಡೋದು?" ಯಲ್ಲಯ್ಯನಿಗೆ ನಿಜವಾಗಿಯೂ ಕಷ್ಟವಾಗಿತ್ತು. "ಇಷ್ಟು ದಿನ ಪೂಜೆ ಮಾಡಿ ಎಲ್ಲಿಗೆ ಅಂತ ಕಳಿಸೋದು?"

ಸೊಣ್ಣಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ಎಲ್ಲಿಗಾ? ಅಲ್ಲಿ ಆಂಜನೇಯ ಒಬ್ಬನೇ ಕೈ ಮುಗ್ದು ನಿಂತವ್ನೆ, ಎದುರಿಗೆ ಯಾರೂ ಇಲ್ಲ. ಕರ್ಕೊಂಡೋಗಿ ಕೂರ್ಸ್ರೋ. ಇಬ್ರಿಗೂ ಸಮಾಧಾನ ಆಗ್ಲಿ!"

ಅಲ್ಲಿಗೆ ಮೂರಂತಸ್ತು ಕುಸಿಯಿತು. ಸಂಜೆಗೇ ತಮಟೆಯವರು ಬಂದರು. ಯಲ್ಲಯ್ಯ ಪಟವನ್ನು ತಲೆಯ ಮೇಲೆ ಹೊತ್ತ, ಗಂಟೆ ಇನ್ನೊಬ್ಬನ ಕೈಗೆ ಹೋಯಿತು. ಊರೆಲ್ಲ ಕುಣಿಯುತ್ತ ಗುಡಿಗೆ ನಡೆಯಿತು. ಬೀದಿಗೆ ಅಡ್ಡ ನಿಂತ ಕಾರುಗಳಿಗೆ ಲತಾಮಣಿಯ ಗಂಟಲು ಬಿತ್ತು: "ಸೈಡ್ ಬಿಡ್ರೀ, ಸೈಡ್! ರಾಮ ಮುಂದಿನ ಸ್ಟಾಪಲ್ಲಿ ಇಳೀತಾನೆ!" ತಮಟೆಗೆ ಗೌರೀಶಂಕರ ಕೂಡ ಕುಣಿದ. ಅವನು ಕುಣಿದದ್ದನ್ನು ಕುಣಿತ ಎಂದರೆ.

ಯಲ್ಲಯ್ಯನ ಮುದ್ದೆ ಮಾತ್ರ ಕರಗಿರಲಿಲ್ಲ. ಕಟ್ಟುವ ಕೈ, ಸುಮ್ಮನಿರುತ್ತದೆಯೇ? ಒಂದು ವಾರಕ್ಕೆ ಲತಾಮಣಿ ಅವನನ್ನು ಮಠದ ಹಿಂದಿನ ಖಾಲಿ ಜಾಗಕ್ಕೆ ಕರೆದೊಯ್ದು, ಸೊಣ್ಣಮ್ಮನ ಚೊಂಬನ್ನು ಅವನ ಕೈಗೆ ಕೊಟ್ಟಳು.

"ಏನಿದು ಮೇಡಂ?"

"ಶಂಕುಸ್ಥಾಪನೆ. ಇಲ್ಲಿ ಕಟ್ಟಿ. ಎಷ್ಟು ಗಟ್ಟಿ ಬೇಕಾದ್ರೂ ಕಟ್ಟಿ."

ಬಳಗದವರು ಮಠಕ್ಕೆ ಸುಣ್ಣದ ಗಾರೆ ಬಳಿಸಿ, ಒಡೆದ ಹೆಂಚು ತೆಗೆದು ಹಳೇ ಹೆಂಚು ಹುಡುಕಿ ತಂದು ಹೊದಿಸುವಷ್ಟರಲ್ಲಿ, ಹಿಂದುಗಡೆ ಯಲ್ಲಯ್ಯನ ಶೌಚಾಲಯ ಎದ್ದಿತ್ತು. ಕಂಬಿಯೇನು, ಪಿಲ್ಲರೇನು! ಮೇಲೆ ಮೂರಂತಸ್ತು ಎತ್ತಿದರೂ ಹೊರುವಂತೆ ಕಟ್ಟಿದ್ದ. ನೀರಿನ ಟ್ಯಾಂಕು, ಒಳಗಿನಿಂದ ಗಟ್ಟಿ ಚಿಲಕ. ಉದ್ಘಾಟನೆಗೆ ಯಾರನ್ನು ಕರೆಯುವುದು ಎಂದು ಯಲ್ಲಯ್ಯ ಇನ್ನೂ ಯೋಚಿಸುತ್ತಿದ್ದಾಗಲೇ, ಬಂದು ತಿರುಗಿದ ಬಸ್ಸಿನಿಂದ ಇಳಿದ ಕಂಡಕ್ಟರ್ ಹುಡುಗಿ ಅರ್ಪಿತ ಯಾರನ್ನೂ ಕೇಳದೆ ಓಡಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಉದ್ಘಾಟನೆ ಮುಗಿಯಿತು.

ಈಗ ಹೊಂಗೇನಹಳ್ಳಿಯ ಭಾನುವಾರ ನೋಡಬೇಕು. ಬಾಗಿಲ ಮೇಲೆ ಮೇಘಶ್ರೀ ಬರೆಸಿದ ಚಿಕ್ಕ ಹಲಗೆ: ಕೂಲಿ ಮಠ. ಊರವರು ಮಾತ್ರ ಈಗಲೂ ಕೋದಂಡದ ಮಠ ಎಂದೇ ಕರೆಯುತ್ತಾರೆ, ಅರ್ಥ ತಿಳಿದು ಕರೆಯುತ್ತಾರೆ. ಒಳಗೆ ನೆಲಕ್ಕೆ ಮರಳು ಹರಡಿರುತ್ತದೆ. ಅಪಾರ್ಟ್‌ಮೆಂಟಿನ ಮಕ್ಕಳು ಮೊಣಕಾಲೂರಿ ಅ, ಆ ತಿದ್ದುತ್ತಾರೆ. ಜೊತೆಗೆ ಬಂದ ದೊಡ್ಡವರಲ್ಲಿ ಕನ್ನಡ ಬಾರದವರೂ ಮರಳಿಗೆ ಕೂರುತ್ತಾರೆ. ಬಳೆಯಿಂದ ಇಳಿಬಿಟ್ಟ ದಪ್ಪ ಹಗ್ಗ ಹಿಡಿದು ನೇತಾಡಲು ಮಕ್ಕಳ ಸಾಲು ಜಗಲಿ ದಾಟಿ ಸ್ಟಾಪಿನವರೆಗೂ ಇರುತ್ತದೆ. ಒಂದು ಕಾಲದ ಶಿಕ್ಷೆಗೆ ಈಗ ನೂಕುನುಗ್ಗಲು. ಐನೋರ ಜಾಗದಲ್ಲಿ ಬೋರಣ್ಣ ಕೂತಿರುತ್ತಾನೆ, ಈಗ ಬಾಗಿಲಿಗೆ ಮುಖ ಮಾಡಿ.

ಪಾಠ ಶುರುವಾಗುವ ಮುಂಚೆ ಅವನು ಕೈ ಎತ್ತುತ್ತಾನೆ.

"ಉಚ್ಚೆ ಬಂದಿರೋರು ಮೊದ್ಲು ಹೋಗ್ಬನ್ನಿ! ಯಾರನ್ನೂ ಕೇಳ್ಬೇಕಾಗಿಲ್ಲ!"

ನಾಲ್ಕಾರು ಮಕ್ಕಳು ಕಿಸಕ್ಕೆಂದು ನಕ್ಕು ಹಿಂದಕ್ಕೆ ಓಡುತ್ತವೆ. ಅವು ವಾಪಸು ಬಂದು ಕೂರುವವರೆಗೂ ಲತಾಮಣಿ ಬಾಗಿಲಲ್ಲಿ ಕಾಯುತ್ತಾಳೆ. ಆಮೇಲೆ ತೊಲೆ ನಡುಗುವಂತೆ ಕೂಗುತ್ತಾಳೆ:

"ರೈಟ್!"